ಬರೆದುಕೊಂಡು ಹೋದವರು

ನನ್ನ ವೃತ್ತಿಯ ಹೆಸರು ಹೇಳಿದರೆ ನಮ್ಮೂರಿನಲ್ಲಿ ಅರ್ಧ ಜನ ತಮ್ಮ ಮಗನಿಗೊಂದು ಕೆಲಸ ಕೊಡಿಸಿ ಎನ್ನುತ್ತಾರೆ, ಉಳಿದರ್ಧ ಜನ ತಮ್ಮ ಸೊಂಟನೋವಿನ ಕಥೆ ತೆಗೆಯುತ್ತಾರೆ. ಆಕ್ಯುಪೇಷನಲ್ ಥೆರಪಿ ಉದ್ಯೋಗ ವಿನಿಮಯ ಕಚೇರಿಯೂ ಅಲ್ಲ, ಫಿಸಿಯೋಥೆರಪಿಯೂ ಅಲ್ಲ. ಕನ್ನಡದಲ್ಲಿ ಅದನ್ನು ಔದ್ಯೋಗಿಕ ಚಿಕಿತ್ಸೆ ಎಂದು ಕರೆದು ಇನ್ನಷ್ಟು ದಾರಿ ತಪ್ಪಿಸಿದ್ದೇವೆ. ಇಲ್ಲಿ ಉದ್ಯೋಗ ಎಂದರೆ ಸಂಬಳದ ನೌಕರಿಯಲ್ಲ. ಬೆಳಿಗ್ಗೆ ಎದ್ದು ತಲೆ ಬಾಚಿಕೊಳ್ಳುವುದು, ಸಾರಿಗೆ ಒಗ್ಗರಣೆ ಕೊಡುವುದು, ಮಗುವಿನ ಅಂಗಿಗೆ ಗುಂಡಿ ಹಚ್ಚುವುದು, ಸಂತೆಯಲ್ಲಿ ಚೌಕಾಸಿ ಮಾಡುವುದು, ಸಂಜೆ ಹೂ ಕಟ್ಟುತ್ತಾ ಪಕ್ಕದ ಮನೆಯವಳ ಜೊತೆ ಎರಡು ಮಾತಾಡುವುದು, ಇವೆಲ್ಲವೂ ಉದ್ಯೋಗವೇ. ನಾವು ಹೆಂಗಸರು ದಿನಕ್ಕೆ ನೂರು ಸಲ ಮಾಡಿ, ಯಾರಾದರೂ ಕೇಳಿದರೆ 'ಏನೂ ಇಲ್ಲ, ಮನೆಯಲ್ಲೇ ಇದ್ದೇನೆ' ಎನ್ನುತ್ತೇವಲ್ಲ, ಆ 'ಏನೂ ಇಲ್ಲ' ಎಂಬುದೇ ನನ್ನ ಶಾಸ್ತ್ರದ ವಿಷಯ. ಕಾಯಿಲೆಯಿಂದಲೋ ಅಪಘಾತದಿಂದಲೋ ದುಃಖದಿಂದಲೋ ಇವು ಕೈತಪ್ಪಿ ಹೋದಾಗ ಮನುಷ್ಯ ಹೇಗೆ ಕುಸಿಯುತ್ತಾನೆ, ಮತ್ತೆ ಅವನ್ನು ಒಂದೊಂದಾಗಿ ಕೈಗೆ ಕೊಟ್ಟರೆ ಹೇಗೆ ಎದ್ದು ನಿಲ್ಲುತ್ತಾನೆ ಎಂಬುದನ್ನು ನಾವು ಕಲಿಯುತ್ತೇವೆ.

ಈ ವಿದ್ಯೆಗೆ ನಮ್ಮ ದೇಶದಲ್ಲಿ ಶಾಲೆ ತೆರೆದವರು ಒಬ್ಬ ಹೆಂಗಸು. ಅಮೆರಿಕದಲ್ಲಿ ಹುಟ್ಟಿ, ಭಾರತೀಯರೊಬ್ಬರನ್ನು ಮದುವೆಯಾಗಿ ಇಲ್ಲಿಯವರೇ ಆಗಿಬಿಟ್ಟ ಕಮಲಾ ನಿಂಬ್ಕರ್ 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಅದನ್ನು ಪ್ರಾರಂಭಿಸಿದರು. 1952ರಲ್ಲಿ ಈ ವೃತ್ತಿಯವರ ಅಖಿಲ ಭಾರತ ಸಂಘವೂ ಹುಟ್ಟಿತು. ಅಂದಿನಿಂದ ನಾವು ಆಸ್ಪತ್ರೆಗಳಲ್ಲಿದ್ದೇವೆ, ವಿಶೇಷ ಮಕ್ಕಳ ಶಾಲೆಗಳಲ್ಲಿದ್ದೇವೆ, ಮನೋರೋಗಿಗಳ ಪುನರ್ವಸತಿ ಕೇಂದ್ರಗಳಲ್ಲಿದ್ದೇವೆ. ಆದರೆ ಮನುಷ್ಯನ ಕೈಯಿಂದ ಎಲ್ಲ ಉದ್ಯೋಗವನ್ನೂ ಬೇಕೆಂದೇ ಕಿತ್ತುಕೊಳ್ಳುವ ಜಾಗ ಒಂದಿದೆಯಲ್ಲ, ಅಲ್ಲಿ ನಾವು ಕಾಣುವುದು ತೀರ ಅಪರೂಪ. ಆ ಜಾಗ ಜೈಲು.

ನಮ್ಮ ಊರಿನ ಮಹಿಳಾ ಸಮಾಜದವರ ಜೊತೆ ನಾನು ಕೆಲವು ವರ್ಷ ಜಿಲ್ಲಾ ಕಾರಾಗೃಹವೊಂದರ ಹೆಂಗಸರ ವಿಭಾಗಕ್ಕೆ ಹೋಗುತ್ತಿದ್ದೆ. ವಿಭಾಗ ಎಂದರೆ ದೊಡ್ಡ ಹೆಸರಾಯಿತು. ಗಂಡಸರ ಜೈಲಿನ ಒಂದು ಮೂಲೆಗೆ ಗೋಡೆ ಹಾಕಿದ್ದರು, ಅಷ್ಟೆ. ಕತ್ತರಿ ಇಲ್ಲ, ಚಾಕು ಇಲ್ಲ, ಸೂಜಿ ಬೇಕಾದರೆ ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಳ್ಳುತ್ತಿದ್ದರು. ರಂಗೋಲಿ ಪುಡಿ ಇಲ್ಲದ್ದಕ್ಕೆ ಒಬ್ಬಾಕೆ ಬೆರಳನ್ನು ನೀರಿನಲ್ಲಿ ಅದ್ದಿ ಕಲ್ಲಿನ ನೆಲದ ಮೇಲೆ ಚುಕ್ಕಿ ಇಡುತ್ತಿದ್ದಳು. ಕೊನೆಯ ಎಳೆ ಸೇರಿಸುವಷ್ಟರಲ್ಲಿ ಮೊದಲಿನದು ಆರಿ ಹೋಗಿರುತ್ತಿತ್ತು. 'ಮತ್ತೆ ಇಡಬಹುದಲ್ಲಕ್ಕ, ಹೊತ್ತು ಹೋಗುತ್ತೆ' ಎನ್ನುತ್ತಿದ್ದಳು. ಉಳಿದವರು ಮಲಗಿರುತ್ತಿದ್ದರು. ನಿದ್ದೆ ಬಂದಲ್ಲ, ಮಾಡುವುದಕ್ಕೆ ಬೇರೇನೂ ಇಲ್ಲದೆ.

ನಮ್ಮಲ್ಲಿ ಬಹಳ ಜನಕ್ಕೆ ತಿಳಿಯದ ಒಂದು ಸಂಗತಿ ಹೇಳುತ್ತೇನೆ. ಜೈಲಿನಲ್ಲಿರುವವರಲ್ಲಿ ಬಹುಪಾಲು ಜನ ಶಿಕ್ಷೆಯಾದವರಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟ ಲೆಕ್ಕದ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನರಿದ್ದರು, ಅವರಲ್ಲಿ 4,34,302 ಜನ ವಿಚಾರಣಾಧೀನರು. ನಾಲ್ವರಲ್ಲಿ ಮೂವರು ಎನ್ನಿ. ಹೆಂಗಸರು 23,772. ಶಿಕ್ಷೆಯಾದವರಿಗೆ ನೇಯ್ಗೆಯೋ ಹೊಲಿಗೆಯೋ ಬೇಕರಿಯೋ ಏನೋ ಒಂದು ಕೆಲಸ ಹಚ್ಚುತ್ತಾರೆ. ವಿಚಾರಣಾಧೀನರನ್ನು ದುಡಿಸುವಂತಿಲ್ಲ, ಅದು ಕಾನೂನು, ನ್ಯಾಯವೂ ಹೌದು. ಆದರೆ ದುಡಿಸಬಾರದು ಎಂಬ ನಿಯಮ ನಡೆಯುತ್ತಾ ನಡೆಯುತ್ತಾ ಏನೂ ಕೊಡಬೇಕಾಗಿಲ್ಲ ಎಂದಾಗಿಬಿಟ್ಟಿದೆ. ಅಪರಾಧ ಸಾಬೀತಾಗದವಳು ಸಾಬೀತಾದವಳಿಗಿಂತ ಹೆಚ್ಚು ಖಾಲಿ ಕೈಯಲ್ಲಿ ಕೂರಬೇಕು. ಇದು ಯಾವ ಸೀಮೆಯ ನ್ಯಾಯ, ನೀವೇ ಹೇಳಿ.

ಈ ಖಾಲಿತನ ಮನುಷ್ಯನಿಗೆ ಏನು ಮಾಡುತ್ತದೆ ಎಂಬುದನ್ನು ನಮ್ಮ ಶಾಸ್ತ್ರದವರು ಅಧ್ಯಯನ ಮಾಡಿಲ್ಲವೆಂದಲ್ಲ. ಗೇಲ್ ವೈಟ್‌ಫರ್ಡ್ ಎಂಬ ವಿದ್ವಾಂಸೆ ನ್ಯೂಜಿಲೆಂಡಿನ ಬಿಗಿಭದ್ರತೆಯ ಜೈಲೊಂದರಲ್ಲಿ ಅಧ್ಯಯನ ನಡೆಸಿ 1997ರಲ್ಲಿ ಅದನ್ನು ಪ್ರಕಟಿಸಿದರು. ತನ್ನ ಕೈಮೀರಿದ ಕಾರಣಗಳಿಂದ ಮನುಷ್ಯ ಅರ್ಥವುಳ್ಳ ಯಾವ ಕೆಲಸವನ್ನೂ ಮಾಡಲಾರದೆ ದೀರ್ಘಕಾಲ ಉಳಿಯುವ ಸ್ಥಿತಿಗೆ ನಮ್ಮ ಶಾಸ್ತ್ರದಲ್ಲಿ ಒಂದು ಹೆಸರಿದೆ. ಕನ್ನಡದಲ್ಲಿ ಅದನ್ನು ಉದ್ಯೋಗ ವಂಚನೆ ಎನ್ನಬಹುದು. ಎರಡು ವರ್ಷದ ನಂತರ ಅವರೇ ಸಹೋದ್ಯೋಗಿಯೊಬ್ಬರ ಜೊತೆ ಸೇರಿ, ಜೈಲು ಆ ವಂಚನೆಯಿಂದ ಉದ್ಯೋಗ ಸಮೃದ್ಧಿಯ ಕಡೆಗೆ ಹೇಗೆ ಸಾಗಬಹುದು ಎಂದು ಬರೆದರು. ಇಂಗ್ಲೆಂಡಿನಲ್ಲಿ ಅಪರಾಧ ಮಾಡಿದ ಮನೋರೋಗಿಗಳನ್ನು ಇಡುವ ಭದ್ರತಾ ಆಸ್ಪತ್ರೆಗಳಲ್ಲಿ ನಮ್ಮ ವೃತ್ತಿಯವರು ಬಹುಕಾಲದಿಂದ ದುಡಿಯುತ್ತಿದ್ದಾರೆ. ಅಲ್ಲಿ ಪ್ರತಿ ರೋಗಿಗೂ ವಾರಕ್ಕೆ 25 ಗಂಟೆ ಅರ್ಥಪೂರ್ಣ ಚಟುವಟಿಕೆ ಒದಗಬೇಕೆಂಬ ಗುರಿಯನ್ನೇ ಇಟ್ಟುಕೊಂಡಿದ್ದರು. ಅಮೆರಿಕದ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದವರು ಜೈಲಿನೊಳಗೇ ಕೆಲಸ ಶುರುಮಾಡಿ, ಬಿಡುಗಡೆಯ ನಂತರವೂ ಮನುಷ್ಯನ ಕೈಬಿಡದ ಪದ್ಧತಿಯೊಂದನ್ನು ಬೆಳೆಸಿದ್ದಾರೆ.

ಬಿಡುಗಡೆಯ ನಂತರ ಎಂದೆನಲ್ಲ, ಅದಕ್ಕೊಂದು ಉದಾಹರಣೆ. ಏಳು ವರ್ಷ ಒಳಗಿದ್ದು ಹೊರಬಂದ ಒಬ್ಬಾಕೆ ನನ್ನ ಬಳಿ ಬಂದಿದ್ದಳು. ಜೈಲಿನ ಅಡುಗೆಮನೆಯಲ್ಲಿ ಇನ್ನೂರು ಜನರ ಸಾರಿಗೆ ಉಪ್ಪು ಹಾಕುತ್ತಿದ್ದವಳು. ಅಣ್ಣನ ಮನೆಗೆ ಬಂದು ಮೂರು ಜನಕ್ಕೆ ಅಡುಗೆ ಮಾಡಲು ನಿಂತರೆ ಅಳತೆಯೇ ಮರೆತುಹೋಗಿತ್ತು. ತರಕಾರಿ ಅಂಗಡಿಯಲ್ಲಿ ಬದನೆಯೋ ಹುರುಳಿಕಾಯಿಯೋ ಎಂದು ನಿರ್ಧರಿಸಲಾರದೆ ಖಾಲಿ ಚೀಲ ಹಿಡಿದು ವಾಪಸು ಬಂದಳಂತೆ. ಏಳು ವರ್ಷ ಯಾರೂ ಅವಳನ್ನು 'ಏನು ಬೇಕು' ಎಂದು ಕೇಳಿರಲಿಲ್ಲ. ಅತ್ತಿಗೆ 'ಇವಳಿಗೆ ತಲೆ ಕೆಟ್ಟಿದೆ' ಎಂದಳು. ತಲೆ ಕೆಟ್ಟಿರಲಿಲ್ಲ. ಬೇಕು ಬೇಡ ಎನ್ನುವ ಅಭ್ಯಾಸ ತಪ್ಪಿತ್ತು. ಕಾಲು ಮುರಿದು ಆರು ತಿಂಗಳು ಮಲಗಿದವರಿಗೆ ನಡೆಯುವ ಅಭ್ಯಾಸ ತಪ್ಪುವ ಹಾಗೆ ಇದೂ ಒಂದು. ಇದಕ್ಕೆ ಮದ್ದಿದೆ. ಮೊದಲು ಎರಡೇ ತರಕಾರಿ ಮುಂದಿಟ್ಟು ಒಂದನ್ನು ಆರಿಸಲು ಹೇಳಬೇಕು, ಆಮೇಲೆ ನಾಲ್ಕು, ಆಮೇಲೆ ಅಂಗಡಿ, ಆಮೇಲೆ ಸಂತೆ. ಇಷ್ಟು ಸರಳ. ಆದರೆ ಈ ಮಾತು ಆ ಅತ್ತಿಗೆಗೆ ಗೊತ್ತಿರಲಿಲ್ಲ, ಜೈಲಿನ ವಾರ್ಡರ್‌ಗೆ ಗೊತ್ತಿರಲಿಲ್ಲ, ಸ್ವತಃ ಆಕೆಗೂ ಗೊತ್ತಿರಲಿಲ್ಲ. ಯಾರಿಗೆ ಗೊತ್ತಿತ್ತು? ದೂರದ ಊರಿನ ಪತ್ರಿಕೆಯೊಂದನ್ನು ದುಡ್ಡು ಕೊಟ್ಟು ಓದುವ ನನ್ನಂಥ ನಾಲ್ಕು ಜನರಿಗೆ.

ನನ್ನ ಜಗಳ ಇರುವುದೇ ಇಲ್ಲಿ. ನಾನು ಹೋಗುತ್ತಿದ್ದ ಆ ಜೈಲಿಗೆ ಒಮ್ಮೆ ಸಂಶೋಧಕರ ತಂಡವೊಂದು ಬಂದಿತ್ತು. ಯಾವ ಸಂಸ್ಥೆ ಎಂದು ಹೇಳುವುದು ಬೇಡ. ಒಳ್ಳೆಯ ಮಕ್ಕಳು, ವಿನಯದಿಂದ ಮಾತಾಡಿಸಿದರು. ಆ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಬೆಳಿಗ್ಗೆಯಿಂದ ರಾತ್ರಿಯವರೆಗೆ ಏನೇನು ಮಾಡುತ್ತೀರಿ, ಮೊದಲು ಏನು ಮಾಡುತ್ತಿದ್ದಿರಿ, ಏನು ಮಾಡಲು ಆಸೆ, ಮಕ್ಕಳ ನೆನಪು ಯಾವ ಹೊತ್ತಿಗೆ ಬರುತ್ತದೆ ಎಂದೆಲ್ಲ ಕೇಳಿ ಬರೆದುಕೊಂಡರು. ಕೆಲವರು ಅತ್ತರು. ಕೆಲವರು ತಮ್ಮ ತಾಯಿಗೂ ಹೇಳದ್ದನ್ನು ಹೇಳಿದರು. ಎಲ್ಲರೂ ಹೆಬ್ಬೆಟ್ಟು ಒತ್ತಿಯೋ ಸಹಿ ಹಾಕಿಯೋ ಒಪ್ಪಿಗೆ ಕೊಟ್ಟರು. ತಂಡ ಹೋಯಿತು. ಒಂದು ವರ್ಷವಾಯಿತು, ಎರಡು ವರ್ಷವಾಯಿತು. ಆ ನೀರಿನ ರಂಗೋಲಿಯವಳು ಒಂದು ದಿನ ಕೇಳಿದಳು, 'ಅಕ್ಕಾ, ನಮ್ಮನ್ನೆಲ್ಲ ಕೇಳಿ ಬರೆದುಕೊಂಡು ಹೋದರಲ್ಲ, ಅದು ಏನಾಯಿತು?'

ಏನಾಯಿತೆಂದು ವಿಚಾರಿಸಿದೆ. ಪ್ರಬಂಧವಾಗಿತ್ತು. ಪದವಿ ಸಿಕ್ಕಿತ್ತು. ವಿದೇಶದ ಪತ್ರಿಕೆಯೊಂದರಲ್ಲಿ ಲೇಖನವೂ ಬಂದಿತ್ತು. ಆ ಒಂದು ಲೇಖನ ಓದಲು ಕೇಳುತ್ತಿದ್ದ ಹಣದಲ್ಲಿ ಆ ಜೈಲಿನ ಅಷ್ಟೂ ಹೆಂಗಸರಿಗೆ ಒಂದೊಂದು ಉಂಡೆ ಉಣ್ಣೆಯೂ ಕ್ರೋಶಾ ಕಡ್ಡಿಯೂ ಬರುತ್ತಿತ್ತು. ಜೈಲಿನ ಸೂಪರಿಂಟೆಂಡೆಂಟರಿಗೂ ಪ್ರತಿ ಬಂದಿರಲಿಲ್ಲ. ಬಂದಿದ್ದರೂ ಆ ಇಂಗ್ಲಿಷನ್ನು ಬಿಡಿಸಿ ಓದುವಷ್ಟು ಪುರುಸೊತ್ತು ಅವರಿಗೆಲ್ಲಿ? ಹೆಂಗಸರ ಬಾಯಿಂದ ಬಂದ ಮಾತು ಸಮುದ್ರ ದಾಟಿ ಹೋಯಿತು, ಅವರು ಮಲಗುವ ಆ ಕೋಣೆಯ ಹೊಸಿಲಿಗೆ ಮಾತ್ರ ಮರಳಿ ಬರಲಿಲ್ಲ.

ಈಚೆಗೆ ಸರ್ಕಾರ 'ಒಂದು ರಾಷ್ಟ್ರ ಒಂದು ಚಂದಾ' ಎಂಬ ಯೋಜನೆ ತಂದಿದೆ. 2024ರ ನವೆಂಬರಿನಲ್ಲಿ ಮಂಜೂರಾಯಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, ಸುಮಾರು 13,000 ಪತ್ರಿಕೆಗಳು, ಸರ್ಕಾರಿ ಕಾಲೇಜು ಮತ್ತು ಸಂಶೋಧನಾ ಸಂಸ್ಥೆಗಳವರು ಪುಕ್ಕಟೆಯಾಗಿ ಓದಬಹುದು. ಸಂತೋಷ. ಆದರೆ ಆ ಪಟ್ಟಿಯಲ್ಲಿ ಜೈಲಿನ ವಾರ್ಡರ್ ಇಲ್ಲ, ಮಹಿಳಾ ಸಮಾಜವಿಲ್ಲ, ಬಿಡುಗಡೆಯಾದವಳ ಅತ್ತಿಗೆ ಇಲ್ಲ. ಓದುವವರಿಗೇ ಇನ್ನಷ್ಟು ಓದಲು ಕೊಡುವುದು ಒಂದು ಕೆಲಸ, ಬೇಕಾದವರಿಗೆ ತಲುಪಿಸುವುದು ಇನ್ನೊಂದು. ಮೊದಲನೆಯದಕ್ಕೆ ಹಣವಿದೆ, ಎರಡನೆಯದಕ್ಕೆ ಮನಸ್ಸಿಲ್ಲ.

ಇದು ನನ್ನೊಬ್ಬಳ ಹಟವಲ್ಲ. ಹೆಂಗಸು ಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕೆಂದು 2010ರಲ್ಲಿ ವಿಶ್ವಸಂಸ್ಥೆ ಬ್ಯಾಂಕಾಕ್ ನಿಯಮಗಳನ್ನು ಒಪ್ಪಿತು. ಒಟ್ಟು 70 ನಿಯಮಗಳು. ಕೊನೆಯ ನಾಲ್ಕು ಸಂಶೋಧನೆಗೆ ಸಂಬಂಧಿಸಿದವು. 70ನೆಯದಂತೂ ಸಂಶೋಧನೆಯನ್ನು ಪ್ರಕಟಿಸಿ ಹಂಚಬೇಕು, ಸಾರ್ವಜನಿಕರಿಗೆ ತಿಳಿಸಬೇಕು, ಅಧಿಕಾರಿಗಳಿಗೆ ತರಬೇತಿ ಕೊಡಬೇಕು ಎಂದು ಸ್ಪಷ್ಟವಾಗಿ ಹೇಳುತ್ತದೆ. ಬರೆದವರು ಯೋಚಿಸಿಯೇ ಬರೆದಿದ್ದಾರೆ. ನಾವು ಆ ಪುಟದವರೆಗೆ ಬರುವಷ್ಟರಲ್ಲಿ ಪುಸ್ತಕ ಮುಚ್ಚಿರುತ್ತೇವೆ.

ಓದುವ ಹಾಗೆ ಬರೆದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿಯಿದೆ. ಬಿಹಾರದ ಜೈಲುಗಳಲ್ಲಿ ವರ್ಷಗಟ್ಟಲೆ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದವರ ಸುದ್ದಿ 1979ರಲ್ಲಿ ದಿನಪತ್ರಿಕೆಯಲ್ಲಿ ಬಂತು. ಕಪಿಲಾ ಹಿಂಗೋರಾಣಿ ಎಂಬ ವಕೀಲೆ ಅದನ್ನು ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. ಹುಸೈನಾರಾ ಖಾತೂನ್ ಪ್ರಕರಣ ಎಂದು ಹೆಸರಾದ ಅದರಿಂದ ಸಾವಿರಾರು ಜನ ಹೊರಬಂದರು. ಮೊನ್ನೆ ಮೊನ್ನೆಯದೇ ನೋಡಿ. ಜೈಲುಗಳಲ್ಲಿ ಗುಡಿಸುವ ಕೆಲಸ ಇಂಥ ಜಾತಿಗೆ, ಅಡುಗೆ ಇಂಥ ಜಾತಿಗೆ ಎಂದು ಹಲವು ರಾಜ್ಯಗಳ ಕೈಪಿಡಿಗಳಲ್ಲೇ ಬರೆದಿತ್ತು. ಸುಕನ್ಯಾ ಶಾಂತಾ ಎಂಬ ಪತ್ರಕರ್ತೆ 2020ರಲ್ಲಿ ಅದನ್ನು ಎಲ್ಲರಿಗೂ ಕಾಣುವ ಹಾಗೆ ಬರೆದರು, ಆಮೇಲೆ ತಾವೇ ಅರ್ಜಿ ಹಾಕಿದರು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಆ ನಿಯಮಗಳನ್ನು ತೆಗೆದುಹಾಕಿತು. ಯಾರ ಕೈಗೆ ಯಾವ ಕೆಲಸ ಎಂಬ ಪ್ರಶ್ನೆ ನನ್ನ ಶಾಸ್ತ್ರದ ಹೃದಯದ ಪ್ರಶ್ನೆ. ಅದನ್ನು ಎತ್ತಿ ಗೆದ್ದವಳು ಪತ್ರಕರ್ತೆ, ನಮ್ಮ ಪಂಡಿತರಲ್ಲ. ಅವಳ ಬರಹಕ್ಕೆ ಬೀಗ ಇರಲಿಲ್ಲ ಎಂಬುದೇ ಅದಕ್ಕೆ ದೊಡ್ಡ ಕಾರಣ.

ಹೀಗೆ ಮಾತಾಡಿದಾಗಲೆಲ್ಲ ನನಗೆ ಸಿಗುವ ಉತ್ತರಗಳು ಬಾಯಿಪಾಠವಾಗಿವೆ. ಮೊದಲನೆಯದು, 'ಮಾಡಿದ್ದುಣ್ಣೋ ಮಹಾರಾಯ. ತಪ್ಪು ಮಾಡಿದವರಿಗೆ ಇಷ್ಟೆಲ್ಲ ಉಪಚಾರ ಏಕೆ, ಮಾನವಾಗಿ ಬದುಕುವವರಿಗೇ ಗತಿಯಿಲ್ಲ?' ಮುಕ್ಕಾಲು ಜನಕ್ಕೆ ತಪ್ಪೇ ಸಾಬೀತಾಗಿಲ್ಲ ಎಂದು ಆಗಲೇ ಹೇಳಿದೆ. ಸಾಬೀತಾದವರೂ ಒಂದು ದಿನ ಹೊರಬಂದು ನಿಮ್ಮ ಬೀದಿಯಲ್ಲೇ ಇರಬೇಕು. ಬೇಕು ಬೇಡ ಹೇಳಬಲ್ಲವಳು ಬರಬೇಕೋ, ಖಾಲಿ ಚೀಲ ಹಿಡಿದು ನಿಲ್ಲುವವಳು ಬರಬೇಕೋ? ಆಯ್ಕೆ ಬೀದಿಯವರದ್ದು. ತಾಯಿಯ ಜೊತೆ ಒಳಗಿರುವ ಮಕ್ಕಳ ಮಾತು ಬೇರೆಯೇ ಇದೆ. ಆರು ವರ್ಷ ತುಂಬುವವರೆಗೆ ಮಗು ತಾಯಿಯ ಜೊತೆ ಇರಬಹುದೆಂದು 2006ರಲ್ಲಿ ಸುಪ್ರೀಂ ಕೋರ್ಟು ಉಪಾಧ್ಯಾಯ ಪ್ರಕರಣದಲ್ಲಿ ಹೇಳಿ, ಆ ಮಕ್ಕಳ ಆಟಪಾಠಕ್ಕೂ ವ್ಯವಸ್ಥೆಯಾಗಬೇಕೆಂದು ಆದೇಶಿಸಿತು. ಮಗು ಆಡುವುದನ್ನು ನಮ್ಮ ಶಾಸ್ತ್ರ ಅದರ ಉದ್ಯೋಗ ಎನ್ನುತ್ತದೆ. ಆ ಮಕ್ಕಳು ಯಾವ ತಪ್ಪು ಮಾಡಿದ್ದರು?

ಎರಡನೆಯದು, 'ಜೈಲಿನಲ್ಲಿ ಕೆಲಸ ಕೊಡುತ್ತಾರಲ್ಲ, ಹೊಲಿಗೆ ಕಲಿಸುತ್ತಾರಲ್ಲ, ಇನ್ನೇನು?' ಕೆಲಸ ಕೊಡುವುದಕ್ಕೂ ಚಿಕಿತ್ಸೆಗೂ ಅಜಗಜಾಂತರ. ಹೊಲಿಗೆ ಯಂತ್ರ ಕಂಡರೆ ಕೈ ನಡುಗುವವಳನ್ನು ಅದೇ ಯಂತ್ರದ ಮುಂದೆ ಕೂರಿಸಿದರೆ ಅದು ಇನ್ನೊಂದು ಶಿಕ್ಷೆ. ನಮ್ಮವರು ಮೊದಲು ಕೇಳುತ್ತಾರೆ: ಇವಳು ಯಾರು, ಇವಳಿಗೆ ಏನು ಬರುತ್ತಿತ್ತು, ಏನು ಇಷ್ಟ, ಕೈಕಾಲು ಎಷ್ಟು ಆಡುತ್ತದೆ, ಮನಸ್ಸು ಎಷ್ಟು ಹೊತ್ತು ನಿಲ್ಲುತ್ತದೆ? ಆಮೇಲೆ ಸೂಜಿಗೆ ದಾರ ಪೋಣಿಸುವುದರಿಂದ ಶುರು. ಹನ್ನೆರಡನೆಯ ಶತಮಾನದ ಶರಣರು ಕಾಯಕ ಎಂಬ ಮಾತಿಗೆ ಕೊಟ್ಟ ಘನತೆ ನಮ್ಮ ನಾಡಿನ ಆಸ್ತಿ. ಕಾಯಕ ಎಂದರೆ ಒಪ್ಪಿ ಮಾಡಿದ್ದು. ಹೊರಿಸಿದ್ದು ಜೀತ. ಈ ವ್ಯತ್ಯಾಸವನ್ನು ಕನ್ನಡಿಗರಿಗೆ ಬೇರೆ ದೇಶದವರು ಬಂದು ಹೇಳಿಕೊಡಬೇಕಾಗಿಲ್ಲ.

ಮೂರನೆಯ ಉತ್ತರ ನಮ್ಮ ವೃತ್ತಿಯವರದೇ: 'ಕೈದಿಗಳ ವಿಷಯ ಸೂಕ್ಷ್ಮವಾದದ್ದು, ಗುಟ್ಟು ಕಾಪಾಡಬೇಕು, ಎಲ್ಲರಿಗೂ ಹಂಚುವಂಥದಲ್ಲ.' ಹೆಸರು, ಊರು, ಪ್ರಕರಣ ಮುಚ್ಚಿಡಿ, ನಾನೂ ಮುಚ್ಚಿಟ್ಟೇ ಬರೆಯುತ್ತಿದ್ದೇನೆ. ಆದರೆ ಗುಟ್ಟು ಎಂಬ ಮಾತಿನ ಮರೆಯಲ್ಲಿ ಏನೇನು ನಡೆದಿದೆ ಎಂಬುದು ಚರಿತ್ರೆಯಲ್ಲಿದೆ. ಅಮೆರಿಕದ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನಲ್ಲಿ ಆಲ್ಬರ್ಟ್ ಕ್ಲಿಗ್‌ಮನ್ ಎಂಬ ಚರ್ಮವೈದ್ಯ 1951ರಿಂದ 1974ರವರೆಗೆ ಕೈದಿಗಳ ಮೈಮೇಲೆ ಔಷಧಿ, ರಾಸಾಯನಿಕಗಳನ್ನು ಪ್ರಯೋಗಿಸಿದ. ಒಳಗೆ ಏನು ನಡೆಯುತ್ತಿದೆ ಎಂಬುದು ಹೊರಗಿನವರಿಗೂ, ತಮ್ಮ ಮೇಲೆ ಏನನ್ನು ಹಚ್ಚುತ್ತಿದ್ದಾರೆ ಎಂಬುದು ಆ ಕೈದಿಗಳಿಗೂ ಸರಿಯಾಗಿ ತಿಳಿದಿದ್ದರೆ ಅದು 23 ವರ್ಷ ನಡೆಯುತ್ತಿತ್ತೇ? ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ನೀತಿ ಸೂತ್ರಗಳೂ ಕೈದಿಗಳನ್ನು ವಿಶೇಷ ರಕ್ಷಣೆ ಬೇಕಾದವರೆಂದು ಗುರುತಿಸುತ್ತವೆ. ಹೆಸರಿಗೆ ರಕ್ಷಣೆ ಕೊಡಿ, ಫಲಿತಾಂಶಕ್ಕೆ ಬೀಗ ಹಾಕಬೇಡಿ.

ನಾಲ್ಕನೆಯದು ನನ್ನನ್ನು ಕೆರಳಿಸುತ್ತದೆ. 'ಸಾಮಾನ್ಯ ಹೆಂಗಸರಿಗೆ ಸಂಶೋಧನೆ ಅರ್ಥವಾಗುವುದಿಲ್ಲ.' ಹಾಲು ಕೆಡದ ಹಾಗೆ ಹೆಪ್ಪು ಹಾಕುವವಳಿಗೆ, ಮನೆಯ ಐದು ಜನರ ಐದು ಸ್ವಭಾವಕ್ಕೆ ಐದು ಬಗೆಯಲ್ಲಿ ಹೊಂದಿಕೊಂಡು ದಿನ ದಾಟಿಸುವವಳಿಗೆ, ಸುಮ್ಮನೆ ಕೂತರೆ ಮನುಷ್ಯ ಕೆಡುತ್ತಾನೆ ಎಂಬುದು ಅರ್ಥವಾಗುವುದಿಲ್ಲವೇ? ಗಂಡ ನಿವೃತ್ತನಾಗಿ ಮನೆಯಲ್ಲಿ ಕೂತ ಮೊದಲ ಆರು ತಿಂಗಳನ್ನು ಸಂಭಾಳಿಸಿದ ಯಾವ ಹೆಂಗಸಿಗೂ ಉದ್ಯೋಗ ವಂಚನೆಯ ಬಗ್ಗೆ ಉಪನ್ಯಾಸ ಬೇಕಾಗಿಲ್ಲ. ಅರ್ಥವಾಗದ್ದು ಸಂಶೋಧನೆಯಲ್ಲ, ಅದನ್ನು ಬರೆಯುವ ಭಾಷೆ.

ಒಳ್ಳೆಯ ಮಾದರಿಗಳು ನಮ್ಮಲ್ಲಿ ಇಲ್ಲವೆಂದಲ್ಲ. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್‌ನವರು ಐದು ಸಾವಿರಕ್ಕೂ ಹೆಚ್ಚು ಕೈದಿಗಳ ಮಾನಸಿಕ ಆರೋಗ್ಯವನ್ನು ಪರೀಕ್ಷಿಸಿ 2011ರಲ್ಲಿ ಅದನ್ನು ಪುಸ್ತಕವಾಗಿಯೇ ಹೊರತಂದರು. ಇಂಗ್ಲಿಷಿನಲ್ಲಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಾದರೂ ಮಾನಸಿಕ ಆರೋಗ್ಯ ಕೇಂದ್ರ ಇರಬೇಕೆನ್ನುತ್ತದೆ. ಮೈಸೂರಿನ ರಂಗಾಯಣದ ಹುಲುಗಪ್ಪ ಕಟ್ಟೀಮನಿ ಕೈದಿಗಳಿಂದ ನಾಟಕ ಆಡಿಸಿ, ಅವರನ್ನು ಜನರ ಮುಂದೆ ರಂಗದ ಮೇಲೆ ನಿಲ್ಲಿಸಿದರು. ಅವರು ತಮ್ಮ ಕೆಲಸಕ್ಕೆ ಥೆರಪಿ ಎಂಬ ಹೆಸರಿಡಲಿಲ್ಲ. ಆದರೆ ಮಾತು ಮರೆತವನಿಗೆ ಮಾತು, ಹೊತ್ತು ಹೋಗದವನಿಗೆ ತಾಲೀಮಿನ ಹೊತ್ತು, ಹೆಸರು ಕಳೆದುಕೊಂಡವನಿಗೆ ಒಂದು ಪಾತ್ರ ಕೊಟ್ಟರಲ್ಲ, ಅದನ್ನೇ ನಾವು ಪುಸ್ತಕದಲ್ಲಿ ಓದುವುದು. ಅದನ್ನು ಊರೆಲ್ಲ ನೋಡಿತು.

ನಾನು ಕೇಳುವುದು ಹೆಚ್ಚಿನದಲ್ಲ. ಕರ್ನಾಟಕದ ಜೈಲಿನೊಳಗೆ ಸಂಶೋಧನೆಗೆ ಅನುಮತಿ ಕೊಡುವಾಗಲೇ ಸರ್ಕಾರ ಒಂದು ಷರತ್ತು ಹಾಕಲಿ: ಕೆಲಸ ಮುಗಿದ ಆರು ತಿಂಗಳಲ್ಲಿ ನಾಲ್ಕು ಪುಟದ ಕನ್ನಡ ಸಾರಾಂಶ ಕೊಡಬೇಕು, ಒಂದು ಪ್ರತಿ ಜೈಲಿನ ಗ್ರಂಥಾಲಯಕ್ಕೆ, ಒಂದು ಸೂಪರಿಂಟೆಂಡೆಂಟರಿಗೆ, ಒಂದು ಜಿಲ್ಲಾ ಗ್ರಂಥಾಲಯಕ್ಕೆ. ಓದು ಬಾರದವರ ಮುಂದೆ ಸಂಶೋಧಕರೇ ಬಂದು ಕೂತು ಓದಿ ಹೇಳಬೇಕು. ಕೇಳಲು ಬಂದವರು ಹೇಳಲೂ ಬರಬೇಕು, ಇದು ಮನೆಗೆ ಬಂದ ನೆಂಟರಿಗೂ ಇರುವ ಮರ್ಯಾದೆ. ಜೈಲುಗಳಲ್ಲಿ ನಮ್ಮ ವೃತ್ತಿಯವರಿಗೆ ಹುದ್ದೆಗಳಾಗಲಿ, ಅವರು ಮೊದಲು ವಿಚಾರಣಾಧೀನರ ಕೋಣೆಗೆ ಹೋಗಲಿ. ಅಲ್ಲಿ ಕಟ್ಟಾಯವಿಲ್ಲ, ಹಾಗಾಗಿ ಅಲ್ಲಿ ಮಾಡುವುದೆಲ್ಲ ಇಷ್ಟಪಟ್ಟು ಮಾಡುವುದೇ ಆಗಿರುತ್ತದೆ.

ಇನ್ನು ನೀವು. ಪ್ರತಿ ಜೈಲಿಗೂ ಅಧಿಕಾರಿಗಳಲ್ಲದ ಸಂದರ್ಶಕರನ್ನು ಸರ್ಕಾರ ನೇಮಿಸುವ ಪದ್ಧತಿ ಇದೆ. ನಿಮ್ಮ ಜಿಲ್ಲೆಯಲ್ಲಿ ಅವರು ಯಾರು, ಅವರಲ್ಲಿ ಹೆಂಗಸರು ಎಷ್ಟು ಜನ, ಕಳೆದ ವರ್ಷ ಎಷ್ಟು ಸಲ ಹೋದರು ಎಂದು ಕೇಳಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರೆಕಾನೂನು ಸ್ವಯಂಸೇವಕರಾಗಿ ಸೇರಬಹುದು, ವಕೀಲಿ ಓದಿರಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಕೊಟ್ಟು ಒಂದು ಅರ್ಜಿ ಹಾಕಬಹುದು: ನಮ್ಮ ಜಿಲ್ಲಾ ಕಾರಾಗೃಹದಲ್ಲಿ ಕಳೆದ ಹತ್ತು ವರ್ಷದಲ್ಲಿ ಯಾವ ಯಾವ ಸಂಶೋಧನೆಗೆ ಅನುಮತಿ ಕೊಟ್ಟಿದ್ದೀರಿ, ಅವುಗಳ ವರದಿ ಎಲ್ಲಿದೆ? ಒಂದೇ ವಾಕ್ಯದ ಪ್ರಶ್ನೆ. ಮಹಿಳಾ ಸಮಾಜದ ಮುಂದಿನ ಸಭೆಯಲ್ಲಿ ಕುಂಕುಮ ಹಚ್ಚಿ ಕಾಫಿ ಕೊಡುವ ಮೊದಲು ಆ ಅರ್ಜಿಗೆ ಹತ್ತು ಜನ ಸಹಿ ಹಾಕಿ. ಮಾದರಿ ಬೇಕಿದ್ದರೆ ನಾನು ಬರೆದುಕೊಡುತ್ತೇನೆ.